ಜಾಂಗೋಗೆ ನಾನು ಪ್ಯಾಚ್ ಕಳಿಸಿದ್ದು ಹೀಗೆ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವವರಿಗೆ ಜಾಂಗೋ ಅನ್ನುವ ಸಿದ್ಧ ಚೌಕಟ್ಟು (ಫ್ರೇಮ್‌ವರ್ಕ್) ಹೊಸದಲ್ಲ. 2005ರಿಂದಲೂ ಅದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಅದರ ಕೋಡ್ ಓದಿ ತಿದ್ದುಪಡಿ (ಪ್ಯಾಚ್) ಕಳಿಸಬಹುದು. ಆದರೆ ನಾನು ಅದನ್ನು ಬಳಸುತ್ತಿದ್ದೆ ಅಷ್ಟೇ, ಒಳಗೆ ಇಣುಕಿ ನೋಡಿರಲಿಲ್ಲ. ನೋಡುವ ಹಾಗೆ ಮಾಡಿದ್ದು ಕನ್ನಡ.

ಲೇಖನದ ಶೀರ್ಷಿಕೆಯಿಂದ ಲಿಂಕ್ ತಯಾರಿಸಲು ಅಲ್ಲಿ ಸ್ಲಗಿಫೈ ಅನ್ನುವ ಫಂಕ್ಷನ್ ಇದೆ. ಯೂನಿಕೋಡ್ (ಇಂಗ್ಲಿಷ್ ಅಲ್ಲದ ಲಿಪಿಗಳ ಅಕ್ಷರವೂ) ಇರಲಿ ಅಂತ ಆಯ್ಕೆ ಕೊಟ್ಟು ‘ಮೈಸೂರು ದಸರಾ’ ಹಾಕಿದೆ. ಬಂದದ್ದು ‘ಮಸರ-ದಸರ’! ‘ಮೊಸರು’ ಹಾಕಿದರೂ ‘ಮಸರ’ವೇ. ಸೋರ್ಸ್ ತೆಗೆದು ನೋಡಿದರೆ ಕೆಲವೇ ಸಾಲಿನ ಫಂಕ್ಷನ್. ಪೈಥಾನ್‌ನ ರೆಜೆಕ್ಸ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಅಂದರೆ ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್. ಇವು, ಖಾಲಿ ಜಾಗ ಮತ್ತು ಅಡ್ಡಗೆರೆ ಬಿಟ್ಟು ಉಳಿದದ್ದನ್ನೆಲ್ಲ ಆ ಫಂಕ್ಷನ್ ತೆಗೆದುಹಾಕುತ್ತದೆ. ನಮ್ಮ ಕೊಂಬು, ಗುಡಿಸು, ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆ ಯೂನಿಕೋಡ್ ಲೆಕ್ಕದಲ್ಲಿ ಅಕ್ಷರವಲ್ಲ, ಅಕ್ಷರಕ್ಕೆ ಅಂಟುವ ಗುರುತು. ಹಾಗಾಗಿ ಎಲ್ಲವೂ ಗುಡಿಸಿಹೋಗುತ್ತಿದ್ದವು.

ಅದನ್ನೇ ಸರಿ ಮಾಡಿ ಕಳಿಸಬಹುದಿತ್ತಲ್ವಾ ಅಂತ ಕೇಳುತ್ತೀರಿ. ಇಂಥ ಫಂಕ್ಷನ್ ಮುಟ್ಟಿದರೆ ಎಷ್ಟೋ ಸೈಟುಗಳ ಲಿಂಕ್ ಬದಲಾಗಬಹುದು. ಹೊಸಬರು ಕೈಹಾಕುವ ಜಾಗ ಅದಲ್ಲ ಅನ್ನಿಸಿತು. ನನ್ನ ಸೈಟಿಗೆ ಬೇರೆ ಫಂಕ್ಷನ್ ಬರೆದುಕೊಂಡೆ. ಆದರೆ ಒಳಗಿನ ಕೋಡ್ ಓದಿದರೆ ಅರ್ಥವಾಗುತ್ತೆ ಅನ್ನೋದು ಗೊತ್ತಾಯಿತು, ಭಯ ಹೋಯಿತು.

ಜಾಂಗೋದ ಟಿಕೆಟ್‌ಗಳು (ದೋಷ, ಬದಲಾವಣೆಗಳ ದಾಖಲೆ) ಇರುವುದು ಟ್ರ್ಯಾಕ್ ಅನ್ನುವ ತಾಣದಲ್ಲಿ, ಕೋಡ್ ಇರುವುದು ಗಿಟ್‌ಹಬ್ ಅನ್ನುವ ತಾಣದಲ್ಲಿ. ಟ್ರ್ಯಾಕ್‌ನಲ್ಲಿ ‘ಈಸಿ ಪಿಕಿಂಗ್ಸ್’ (ಸುಲಭದ ಕೆಲಸ) ಗುರುತಿನವನ್ನು ಹುಡುಕಿದೆ. ಅದಕ್ಕಿಂತ ಮುಖ್ಯ, ಟಿಕೆಟ್ ‘ಆಕ್ಸೆಪ್ಟೆಡ್’ ಆಗಿದೆಯಾ ನೋಡುವುದು. ಆಗಿಲ್ಲ ಅಂದರೆ ಆ ಬದಲಾವಣೆ ಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ ಅಂತ. ಸುಮ್ನೆ ದುಡಿದು ‘ವೋಂಟ್‌ಫಿಕ್ಸ್’ (ಇದನ್ನು ಸರಿ ಮಾಡುವುದಿಲ್ಲ) ಅನ್ನಿಸಿಕೊಳ್ಳುವುದು ಯಾಕೆ? ನನಗೆ ಸಿಕ್ಕಿದ್ದು ಒಂದು ಕಮಾಂಡ್‌ಗೆ ತಪ್ಪು ಆಯ್ಕೆ ಕೊಟ್ಟರೆ ಬರುವ ಗೊಂದಲದ ಸಂದೇಶ. ಟಿಕೆಟ್ ನನ್ನ ಹೆಸರಿಗೆ ಹಾಕಿಕೊಂಡೆ.

ಕೋಡ್‌ನ ಪ್ರತಿ ಮಾಡಿಕೊಂಡು (ಫೋರ್ಕ್) ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು (ಕ್ಲೋನ್), ಅದಕ್ಕೊಂದು ಪ್ರತ್ಯೇಕ ಜಾಗ (ವರ್ಚುವಲ್ ಎನ್ವಿರಾನ್‌ಮೆಂಟ್) ಮಾಡುವುದು ಎಲ್ಲ ಮಾಮೂಲಿ. ನಿಜವಾದ ಕೆಲಸ ಟೆಸ್ಟ್‌ನಲ್ಲಿದೆ. ಟೆಸ್ಟ್ಸ್ ಫೋಲ್ಡರಿಗೆ ಹೋಗಿ ರನ್‌ಟೆಸ್ಟ್ಸ್ ಓಡಿಸಿದರೆ ಸಾವಿರಾರು ಪರೀಕ್ಷೆಗಳು ಓಡುತ್ತವೆ. ಪ್ರತಿ ಸಲ ಅಷ್ಟೂ ಬೇಕಿಲ್ಲ, ಸಂಬಂಧಪಟ್ಟ ಮಾಡ್ಯೂಲ್‌ನ ಹೆಸರು ಕೊಟ್ಟರೆ ಅದಷ್ಟೇ ಓಡುತ್ತದೆ. ಮೊದಲು ಟೆಸ್ಟ್ ಬರೆದೆ, ಕೋಡ್ ಮುಟ್ಟಲಿಲ್ಲ. ಓಡಿಸಿದಾಗ ಚುಕ್ಕಿಗಳ ಸಾಲಿನಲ್ಲಿ ಒಂದು ‘ಎಫ್’ ಬಂತು; ಚುಕ್ಕಿ ಅಂದರೆ ಪಾಸ್, ‘ಎಫ್’ ಅಂದರೆ ಫೇಲ್. ಅದು ಬರಲೇಬೇಕು. ತಿದ್ದುಪಡಿ ಇಲ್ಲದೆಯೂ ಟೆಸ್ಟ್ ಪಾಸಾದರೆ ಅದು ಏನನ್ನೂ ಪರೀಕ್ಷಿಸುತ್ತಿಲ್ಲ. ಆಮೇಲೆ ಕೋಡ್‌ನಲ್ಲಿ ಬೆರಳೆಣಿಕೆಯ ಸಾಲು ಬದಲಾಯಿಸಿದೆ, ‘ಎಫ್’ ಹೋಗಿ ಚುಕ್ಕಿ ಬಂತು. ಪಕ್ಕದ ಕೋಡ್ ಚೆಂದ ಮಾಡೋಣ ಅಂತ ಕೈ ತುರಿಸುತ್ತದೆ, ಮಾಡಬಾರದು. ಪ್ಯಾಚ್ ಚಿಕ್ಕದಿದ್ದಷ್ಟೂ ಪರಿಶೀಲಿಸುವವರಿಗೆ ಹಗುರ. ಕೋಡ್‌ನ ಅಂದಚೆಂದ ನೋಡಿಕೊಳ್ಳಲು ಬ್ಲ್ಯಾಕ್ ಅನ್ನುವ ಸಾಧನ ಇದೆ, ಆ ಚರ್ಚೆಯೇ ಬೇಡ.

ಬದಲಾವಣೆಯನ್ನು ದಾಖಲಿಸುವಾಗ (ಕಮಿಟ್) ಬರೆಯುವ ಸಂದೇಶಕ್ಕೂ ಶಿಸ್ತು ಇದೆ. ‘ಫಿಕ್ಸ್ಡ್’, ಟಿಕೆಟ್ ನಂಬರ್, ಎರಡು ಅಡ್ಡಗೆರೆ, ಆಮೇಲೆ ಏನು ಮಾಡಿದೆ ಅಂತ ಭೂತಕಾಲದಲ್ಲಿ ಒಂದು ವಾಕ್ಯ, ಕೊನೆಗೆ ಪೂರ್ಣವಿರಾಮ. ಅತಿ ಅನ್ನಿಸಬಹುದು. ಆದರೆ ಹಳೆಯ ಸಾಲು ಯಾಕೆ ಹಾಗಿದೆ ಅಂತ ಹುಡುಕುವಾಗ ಆ ನಂಬರ್ ಹಿಡಿದು ಸೀದಾ ಹಳೆಯ ಚರ್ಚೆಗೆ ಹೋಗಬಹುದು.

ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ (ಪುಲ್ ರಿಕ್ವೆಸ್ಟ್) ಕಳಿಸಿದ ಮೇಲೆ ಕಾಯುವುದು. ಬಂದ ಟಿಪ್ಪಣಿಗಳು ಚಿಕ್ಕವು: ಟೆಸ್ಟ್‌ನ ಹೆಸರು ಸ್ಪಷ್ಟವಾಗಲಿ, ಈ ವೇರಿಯಬಲ್ ಬೇಡ, ಕಮಿಟ್‌ಗಳನ್ನು ಒಂದಾಗಿಸಿ. ತಿದ್ದಿ ಕಳಿಸಿದೆ. ‘ರೆಡಿ ಫಾರ್ ಚೆಕಿನ್’ (ಸೇರಿಸಲು ಸಿದ್ಧ) ಗುರುತನ್ನು ನಮ್ಮ ಪ್ಯಾಚ್‌ಗೆ ನಾವೇ ಹಾಕಿಕೊಳ್ಳುವ ಹಾಗಿಲ್ಲ, ಬೇರೆಯವರು ನೋಡಿ ಹಾಕಬೇಕು.

ಈಗ ಕೋಡ್‌ಗಿಂತ ಜಾಸ್ತಿ ನಾನು ಮಾಡುವುದು ಆ ಕೆಲಸವೇ. ಇನ್ನೊಬ್ಬರು ಬದಲಾಯಿಸಿದ ಕೋಡ್‌ನ ಪ್ರತಿ (ಬ್ರಾಂಚ್) ಇಳಿಸಿಕೊಂಡು, ಅವರ ತಿದ್ದುಪಡಿ ತೆಗೆದು ಟೆಸ್ಟ್ ಬೀಳುತ್ತದಾ ನೋಡಿ, ಕಂಡದ್ದನ್ನು ಟಿಕೆಟ್‌ನಲ್ಲಿ ಬರೆಯುತ್ತೇನೆ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಟ್ರ್ಯಾಕ್‌ಗೆ ಲಾಗಿನ್ ಆದರೆ ಸಾಕು.