ಜಾಲತಾಣದ ಗುರುತು ವಿಳಾಸದ ಕೊನೆಯಲ್ಲಿದೆ

ಮಾಯಕೊಂಡದ ಕಡೆಯ ನಮ್ಮ ದೊಡ್ಡಪ್ಪನವರು ಸ್ಮಾರ್ಟ್‌ಫೋನ್ ಕೊಂಡ ಹೊಸದರಲ್ಲಿ ತಮ್ಮ ಹೊಲದ ಪಹಣಿ ನೋಡಲು ಹೊರಟು, ಗೂಗಲ್ ತೋರಿಸಿದ ಮೊದಲ ಸಾಲನ್ನೇ ಒತ್ತಿದರು. ತೆರೆದ ಪುಟದಲ್ಲಿ ಸರ್ಕಾರದ ಲಾಂಛನದಂತಹ ಚಿತ್ರವೂ ಹಸಿರು ಬಣ್ಣದ ಗುಂಡಿಯೂ ಇದ್ದವು. ಆದರೆ ಪಹಣಿ ತೋರಿಸುವ ಮೊದಲು ಆ ಪುಟ ಆಧಾರ್ ಸಂಖ್ಯೆಯನ್ನೂ ‘ಸೇವಾ ಶುಲ್ಕ’ವನ್ನೂ ಕೇಳಿತು. ಸರ್ಕಾರದ ಭೂಮಿ ತಾಣದಲ್ಲಿ ಪಹಣಿಯನ್ನು ಬರಿದೆ ನೋಡುವುದಕ್ಕೆ ಇವೆರಡೂ ಬೇಕಿಲ್ಲ. ಹೊಸಬರು ಮೊದಲು ಎಡವುವುದು ಇಲ್ಲಿಯೇ. ಅಂತರ್ಜಾಲದಲ್ಲಿ ಹುಡುಕುವುದಕ್ಕಿಂತ ಸಿಕ್ಕಿದ್ದು ಯಾರದೆಂದು ತಿಳಿಯುವುದು ಕಷ್ಟ. ಆದ್ದರಿಂದ ಈ ಲೇಖನದ ಹೆಚ್ಚು ಭಾಗ ಅದಕ್ಕೇ ಮೀಸಲು.

ಮೊದಲ ಹೆಜ್ಜೆ, ಕೇಳುವ ರೀತಿ. ಕ್ರೋಮ್ ತೆರೆದು, ಕನ್ನಡ ಕೀಲಿಮಣೆಯಲ್ಲಿ ಊರು, ವಸ್ತು ಮತ್ತು ಬೇಕಾದ ವಿಷಯ ಈ ಮೂರನ್ನು ಮಾತ್ರ ಬರೆಯಿರಿ. ‘ದಾವಣಗೆರೆ ಮೆಕ್ಕೆಜೋಳ ಇಂದಿನ ಧಾರಣೆ’ ಎಂದರೆ ಸಾಕು. ಪೂರ್ಣ ವಾಕ್ಯ ಬೇಕಿಲ್ಲ. ಟೈಪಿಸುವುದು ತ್ರಾಸವೆನಿಸಿದರೆ ಮೈಕಿನ ಗುರುತನ್ನು ಒತ್ತಿ ಮಾತಿನಲ್ಲೇ ಹೇಳಬಹುದು. ಕನ್ನಡದಲ್ಲಿ ಸಿಗದಿದ್ದರೆ ಅದೇ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಮತ್ತೊಮ್ಮೆ ಹುಡುಕಿರಿ, ಏಕೆಂದರೆ ಹಲವು ಸರ್ಕಾರಿ ಪುಟಗಳ ಶೀರ್ಷಿಕೆ ಇಂದಿಗೂ ಇಂಗ್ಲಿಷಿನಲ್ಲಿಯೇ ಇರುತ್ತದೆ.

ಎರಡನೆಯ ಹೆಜ್ಜೆ, ಆತುರಪಡದೆ ನೋಡುವುದು. ಫಲಿತಾಂಶಗಳ ಮೇಲ್ತುದಿಯಲ್ಲಿ ‘ಪ್ರಾಯೋಜಿತ’ ಎಂಬ ಸಣ್ಣ ಪದವಿರುವ ಸಾಲುಗಳು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳು. ಅವೆಲ್ಲವೂ ಮೋಸವೆಂದಲ್ಲ, ಆದರೆ ಮೇಲಿರುವುದಕ್ಕೆ ಕಾರಣ ಹಣವೇ ಹೊರತು ಯೋಗ್ಯತೆಯಲ್ಲ.

ಮೂರನೆಯ ಹೆಜ್ಜೆಯೇ ಮುಖ್ಯವಾದುದು. ಪುಟ ತೆರೆದ ಮೇಲೆ ಮೇಲಿನ ವಿಳಾಸದ ಪಟ್ಟಿಯನ್ನು ಒಮ್ಮೆ ಮುಟ್ಟಿದರೆ ಪೂರ್ಣ ವಿಳಾಸ ಕಾಣುತ್ತದೆ. ಆರಂಭದ ಜೋಡಿ ಓರೆಗೆರೆಗಳನ್ನು (//) ಬಿಟ್ಟು, ಅದರ ನಂತರ ಬರುವ ಮೊದಲ ಒಂಟಿ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಿರಿ. ನಮ್ಮ ಅಂಚೆ ವಿಳಾಸದ ಕ್ರಮವೂ ಇದೇ ಅಲ್ಲವೇ? ಲಕೋಟೆಯ ಮೇಲೆ ‘ದಾವಣಗೆರೆ ರಸ್ತೆ, ಚನ್ನಗಿರಿ’ ಎಂದಿದ್ದರೆ ಕಾಗದ ಹೋಗುವುದು ಚನ್ನಗಿರಿಗೆ. ಮೊದಲು ದಾವಣಗೆರೆಯ ಹೆಸರಿದೆ ಎಂದು ಯಾರೂ ಅದನ್ನು ಅಲ್ಲಿನ ಮಂಡಿಪೇಟೆಗೆ ತಂದುಕೊಡುವುದಿಲ್ಲ. ಹಾಗೆಯೇ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂದು ಮುಗಿಯುವ ವಿಳಾಸ ರಾಜ್ಯ ಸರ್ಕಾರದ್ದು. ‘ಪಹಣಿ ಕರ್ನಾಟಕ ಜಿಒವಿ’ ಎಂಬ ಪದಗಳನ್ನು ಅಡ್ಡಗೆರೆಗಳಿಂದ ಪೋಣಿಸಿ ಕೊನೆಗೆ ‘ಡಾಟ್ ಕಾಮ್’ ಎಂದಿರುವ ವಿಳಾಸ ಯಾರದಾದರೂ ಆಗಿರಬಹುದು, ಏಕೆಂದರೆ ‘ಡಾಟ್ ಕಾಮ್’ ಹೆಸರನ್ನು ಹಣ ಕೊಟ್ಟ ಯಾರು ಬೇಕಾದರೂ ಕೊಳ್ಳಬಹುದು, ಆದರೆ ‘ಜಿಒವಿ ಡಾಟ್ ಇನ್’ ಸಿಗುವುದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ದಾವಣಗೆರೆ, ಚಿತ್ರದುರ್ಗ ಜಿಲ್ಲಾಡಳಿತಗಳ ತಾಣಗಳು ‘ನಿಕ್ ಡಾಟ್ ಇನ್’ ಎಂದು ಮುಗಿಯುತ್ತವೆ, ಅದೂ ಸರ್ಕಾರದ್ದೇ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದ್ದರಿಂದ ಅಲ್ಲಿಯೂ ಗುರುತು ಸುಲಭವಾಗಿದೆ. ಅಪವಾದಗಳೂ ಉಂಟು. ರೈಲು ಟಿಕೆಟಿನ ಐಆರ್‌ಸಿಟಿಸಿ ತಾಣ ‘ಸಿಒ ಡಾಟ್ ಇನ್’ ಎಂದು ಮುಗಿಯುತ್ತದೆ. ಇಂಥವನ್ನು ಆಯಾ ಇಲಾಖೆಯ ತಾಣದಲ್ಲಿರುವ ಕೊಂಡಿಯ ಮೂಲಕವೇ ತೆರೆಯುವುದು ಕ್ಷೇಮ.

ವಿಳಾಸದ ಪಕ್ಕ ಕೆಲವೊಮ್ಮೆ ಕಾಣುವ ಬೀಗದ ಚಿತ್ರವನ್ನು ಬಹಳ ಮಂದಿ ಸರ್ಕಾರದ ಮೊಹರೆಂದೇ ತಿಳಿದಿದ್ದಾರೆ. ನಿಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ಮೂರನೆಯವರು ಓದಲಾಗದು ಎಂಬುದಷ್ಟೇ ಅದರ ಅರ್ಥ. ಮೋಸಗಾರನ ಅಂಗಡಿಗೂ ಬೀಗ ಇರುತ್ತದೆ.

ಈಗ ದೊಡ್ಡಪ್ಪನವರ ಪಹಣಿಗೆ ಬರೋಣ. ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂಬುದು ಭೂಮಿ ಯೋಜನೆಯ ತಾಣ. ಅಲ್ಲಿ ಆರ್‌ಟಿಸಿ (ಎಂದರೆ ಪಹಣಿ) ವೀಕ್ಷಣೆಯ ಪುಟಕ್ಕೆ ಹೋಗಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಒಂದಾದ ಮೇಲೊಂದರಂತೆ ಆರಿಸಿ, ಸರ್ವೆ ನಂಬರ್ ತುಂಬಿಸಬೇಕು. ಅನಂತರ ಬರುವ ‘ಸರ್ನೋಕ್’ ಎಂಬ ಚೌಕ ಹೊಸಬರನ್ನು ಗಾಬರಿಗೊಳಿಸುತ್ತದೆ. ಸಾಮಾನ್ಯವಾಗಿ ಅಲ್ಲಿ ನಕ್ಷತ್ರದ ಗುರುತೊಂದೇ ಇರುತ್ತದೆ, ಅದನ್ನೇ ಆರಿಸಿದರಾಯಿತು. ಹಿಸ್ಸಾ ನಂಬರನ್ನು ಹಳೆಯ ಪಹಣಿಯಲ್ಲಿ ನೋಡಿಕೊಂಡೇ ಕುಳಿತುಕೊಳ್ಳಿ, ಇಲ್ಲವಾದರೆ ಅಣ್ಣತಮ್ಮಂದಿರ ಪಾಲಿನ ಪಹಣಿ ತೆರೆದುಕೊಂಡೀತು.

ಧಾರಣೆಗೆ ಕೃಷಿ ಮಾರಾಟ ವಾಹಿನಿ ಎಂಬ ರಾಜ್ಯ ಸರ್ಕಾರದ ತಾಣವಿದೆ. ಮೆಕ್ಕೆಜೋಳಕ್ಕೆ ದಾವಣಗೆರೆ, ಶೇಂಗಾಕ್ಕೆ ಚಳ್ಳಕೆರೆ ಎಂದು ಮಾರುಕಟ್ಟೆಯನ್ನು ಆರಿಸಿದರೆ ಆವಕ, ಕನಿಷ್ಠ ಬೆಲೆ, ಗರಿಷ್ಠ ಬೆಲೆ ಮತ್ತು ಮಾದರಿ ಬೆಲೆ ಕಾಣುತ್ತವೆ. ರೈತರ ಕಣ್ಣು ಮೊದಲು ಗರಿಷ್ಠದ ಮೇಲೆ ಬೀಳುತ್ತದೆ. ಆದರೆ ಹೆಚ್ಚಿನ ಮಾಲು ಮಾರಾಟವಾದದ್ದು ಮಾದರಿ ಬೆಲೆಯ ಆಸುಪಾಸಿನಲ್ಲಿ; ಟ್ರ್ಯಾಕ್ಟರ್ ಬಾಡಿಗೆಯ ಲೆಕ್ಕ ಹಾಕುವಾಗ ಅದನ್ನೇ ಹಿಡಿಯಬೇಕು. ಪಟ್ಟಿಯ ದಿನಾಂಕವನ್ನು ನೋಡುವುದನ್ನು ಮರೆಯಬೇಡಿ. ಮಳೆಯ ಮುನ್ಸೂಚನೆಗೆ ಭಾರತ ಹವಾಮಾನ ಇಲಾಖೆಯ ತಾಣವಿದ್ದು, ಜಿಲ್ಲಾವಾರು ಎಚ್ಚರಿಕೆಯನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ತೋರಿಸುತ್ತದೆ.

ಓದುವ ಮಕ್ಕಳಿಗೆ ಪದಾರ್ಥ ಬೇಕಾದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ನಿಘಂಟುಗಳಿವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ವಿಷಯದ ಪರಿಚಯಕ್ಕೆ ಒಳ್ಳೆಯದು. ಅದನ್ನು ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಪುಟದ ಕೆಳಗಿನ ಆಧಾರಗಳನ್ನೂ ನೋಡಬೇಕು.

ಸರ್ಕಾರಿ ತಾಣಗಳಲ್ಲಿ ಮಾತ್ರ ಹುಡುಕಲು ಒಂದು ಉಪಾಯವಿದೆ. ಹುಡುಕುವ ಪದಗಳ ನಂತರ ಜಾಗ ಬಿಟ್ಟು, ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಅದಕ್ಕೆ ತಾಗಿದಂತೆ ಎರಡು ಚುಕ್ಕೆಗಳ ಕೋಲನ್ ಹಾಕಿ, ನಡುವೆ ಜಾಗ ಬಿಡದೆ ‘ಜಿಒವಿ ಡಾಟ್ ಇನ್’ ಸೇರಿಸಿದರೆ ಬೇರೆ ತಾಣಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ.

ಒಂದು ವೇಳೆ ಹಣ ಕಳೆದುಕೊಂಡಿದ್ದರೆ ನಾಚಿಕೆಯಿಂದ ಸುಮ್ಮನಿರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು; ತಡವಾದಷ್ಟೂ ಆ ಹಣ ಖಾತೆಯಿಂದ ಖಾತೆಗೆ ದಾಟುತ್ತ ಹೋಗುತ್ತದೆ.

ಕೊನೆಯ ಹೆಜ್ಜೆ, ಸರಿಯಾದ ತಾಣವನ್ನು ಪ್ರತಿ ಸಲ ಹೊಸದಾಗಿ ಹುಡುಕದಿರುವುದು. ಕ್ರೋಮ್‌ನ ಬಲಮೂಲೆಯ ಮೂರು ಚುಕ್ಕೆಗಳನ್ನು ಒತ್ತಿ ‘ಹೋಮ್ ಸ್ಕ್ರೀನ್‌ಗೆ ಸೇರಿಸಿ’ ಎಂಬುದನ್ನು ಆರಿಸಿದರೆ ತಾಣದ ಗುರುತು ಫೋನಿನ ಮುಖಪುಟದಲ್ಲಿ ನಿಲ್ಲುತ್ತದೆ. ದೊಡ್ಡಪ್ಪನವರ ಫೋನಿನಲ್ಲಿ ಈಗ ಪಹಣಿ, ಧಾರಣೆ, ಮಳೆ ಎಂದು ಹೆಸರಿಟ್ಟ ಮೂರು ಗುರುತುಗಳು ಸಾಲಾಗಿ ಕುಳಿತಿವೆ, ಮೊದಲನೆಯದು ಮಳೆ.