ಎರಡು ಇಂಚಿನೊಳಗಿನ ಬಟನ್ ಚಾಕು: ಕ್ಯಾಲಿಫೋರ್ನಿಯಾದಲ್ಲಿ ದಿನಬಳಕೆಗೆ ಆರಿಸಿಕೊಳ್ಳುವ ಬಗೆ

ಬಟನ್ ಒತ್ತಿದೊಡನೆ ಸ್ಪ್ರಿಂಗಿನ ಬಲದಿಂದ ತಾನಾಗಿ ತೆರೆದುಕೊಳ್ಳುವ ಚಾಕುವನ್ನು ಕ್ಯಾಲಿಫೋರ್ನಿಯಾದಲ್ಲಿ ಜೇಬಿನಲ್ಲಿಟ್ಟುಕೊಂಡು ಓಡಾಡಬೇಕಾದರೆ ಅದರ ಅಲಗು 2 ಇಂಚಿಗಿಂತ, ಅಂದರೆ 50.8 ಮಿಲಿಮೀಟರಿಗಿಂತ, ಗಿಡ್ಡವಾಗಿರಬೇಕು. ಸರಿಯಾಗಿ 2 ಇಂಚು ಇದ್ದರೂ ರಾಜ್ಯದ ದಂಡಸಂಹಿತೆ ಅದನ್ನು ನಿಷೇಧಿತ ಸ್ವಿಚ್‌ಬ್ಲೇಡ್ ಎಂದೇ ಎಣಿಸುತ್ತದೆ. ಅಂಥದ್ದು ಮೈಮೇಲೆ ಇದ್ದರೆ ಮಾತ್ರವಲ್ಲ, ಸಾರ್ವಜನಿಕ ಸ್ಥಳದಲ್ಲಿರುವ ಕಾರಿನೊಳಗೆ ಕೈಗೆ ಸಿಗುವಂತೆ ಇದ್ದರೂ, ಅದನ್ನು ಮಾರಿದರೂ, ಸ್ನೇಹಿತರಿಗೆ ಉಡುಗೊರೆಯಾಗಿ ಕೊಟ್ಟರೂ ಅಪರಾಧವಾಗುತ್ತದೆ. ಈ ರಾಜ್ಯದಲ್ಲಿ ಪುಟ್ಟ ಬಟನ್ ಚಾಕುಗಳಿಗೆ ಪ್ರತ್ಯೇಕ ಮಾರುಕಟ್ಟೆಯೇ ಹುಟ್ಟಿಕೊಂಡಿರುವುದು ಈ ನಿಯಮದಿಂದಾಗಿ. ಸ್ಯಾಂಟಾ ಫೆ ಸ್ಪ್ರಿಂಗ್ಸ್‌ನ ಪ್ರೊ-ಟೆಕ್ ಸಂಸ್ಥೆಯ ಕ್ಯಾಲ್ಮಿಗೊ ಮತ್ತು ರಂಟ್, ಮೈಕ್ರೊಟೆಕ್ ಸಂಸ್ಥೆಯ ಎಕ್ಸೊಸೆಟ್ ಈ ಮಿತಿಯೊಳಗೆ ಬರುವ ಚಾಕುಗಳು.

ಕೊಳ್ಳುವ ಮೊದಲು ಇಂಥ ಚಾಕು ನಮಗೆ ನಿಜವಾಗಿ ಬೇಕೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅಲಗಿನ ಮೇಲಿರುವ ಗುಬುಟನ್ನು ಹೆಬ್ಬೆರಳಿನಿಂದ ತಳ್ಳಿ ಒಂದೇ ಕೈಯಲ್ಲಿ ತೆರೆಯಬಹುದಾದ ಸಾಧಾರಣ ಮಡಚು ಚಾಕುವಿಗೆ, ಅದು ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವ ಬಿಗಿ ಒಳಗೆ ಇರುವವರೆಗೆ, ಈ 2 ಇಂಚಿನ ನಿಯಮ ಅನ್ವಯಿಸುವುದಿಲ್ಲ. ಅದು ಅಗ್ಗ, ಒಳಗಿನ ರಚನೆ ಸರಳ, ಅಲಗು ಉದ್ದ. ಪಾರ್ಸೆಲ್ ಪೆಟ್ಟಿಗೆ ಬಿಚ್ಚುವುದಕ್ಕೆ, ಹಣ್ಣು ಹೆಚ್ಚುವುದಕ್ಕೆ ಅಷ್ಟು ಸಾಕು. ಬಟನ್ ಚಾಕು ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಒಂದು ಕೈ ಪೂರ್ತಿಯಾಗಿ ಬೇರೆ ಕೆಲಸದಲ್ಲಿ ತೊಡಗಿರುವಾಗ, ಅಥವಾ ಹೆಬ್ಬೆರಳಿನ ಕೀಲುನೋವಿನಿಂದ ಅಲಗನ್ನು ತಳ್ಳುವುದೇ ಕಷ್ಟವಾದಾಗ. ನನ್ನ ಹಿತ್ತಲಿನಲ್ಲಿ ಬೇಸಿಗೆಯಲ್ಲಿ ಹೀರೆಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವಾಗ ಎಡಗೈ ಬಳ್ಳಿಯನ್ನು ಎತ್ತಿ ಹಿಡಿದಿರುತ್ತದೆ, ಬಲಗೈಯಿಂದ ದಾರ ಕತ್ತರಿಸಬೇಕಾಗುತ್ತದೆ. ಬಳ್ಳಿಯನ್ನು ಬಿಟ್ಟರೆ ಅದು ಮುರಿಯುತ್ತದೆ. ನಮ್ಮ ಅಡುಗೆಮನೆಗಳ ಈಳಿಗೆಮಣೆ ಇದೇ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿತ್ತು. ಅಲ್ಲಿ ಅಲಗನ್ನು ಕಾಲಿನಿಂದ ಒತ್ತಿ ನಿಲ್ಲಿಸಿ ಎರಡೂ ಕೈಗಳನ್ನು ತರಕಾರಿಗೆ ಬಿಟ್ಟುಕೊಡುತ್ತಿದ್ದರು. ಜೇಬಿನ ಚಾಕುವಿಗೆ ಆ ಅನುಕೂಲವಿಲ್ಲದ್ದರಿಂದ ಸ್ಪ್ರಿಂಗಿನ ಸಹಾಯ ಬೇಕಾಗುತ್ತದೆ.

ಬಟನ್ ಚಾಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಅಲಗು ಮಾಮೂಲಿ ಮಡಚು ಚಾಕುವಿನಂತೆ ಪಕ್ಕದಿಂದ ತಿರುಗಿ ಹೊರಬರುತ್ತದೆ, ಇನ್ನೊಂದರಲ್ಲಿ ಹಿಡಿಯ ಮುಂತುದಿಯಿಂದ ನೇರವಾಗಿ ಚಿಮ್ಮುತ್ತದೆ. ನೇರ ಚಿಮ್ಮುವ ಬಗೆಯಲ್ಲಿ ಒಂದೇ ಜಾರುಗುಂಡಿಯನ್ನು ಮುಂದಕ್ಕೆ ತಳ್ಳಿದರೆ ಅಲಗು ಹೊರಗೆ, ಹಿಂದಕ್ಕೆ ಎಳೆದರೆ ಒಳಗೆ. ತೆರೆಯುವುದೂ ಮುಚ್ಚುವುದೂ ಒಂದೇ ಕೈಯಲ್ಲಿ ಆಗುತ್ತದೆ. ಆದರೆ ಸ್ಪ್ರಿಂಗನ್ನು ಬಿಗಿಮಾಡುವುದು ನಮ್ಮ ಹೆಬ್ಬೆರಳೇ ಆದ್ದರಿಂದ ಗುಂಡಿ ಗಡುಸಾಗಿರುತ್ತದೆ, ಕೀಲುನೋವಿರುವವರಿಗೆ ಇದು ಹೊಂದುವುದಿಲ್ಲ. ಅಲಗು ಹಳಿಯ ಮೇಲೆ ಜಾರಬೇಕಾದ್ದರಿಂದ ತಯಾರಿಕೆಯಲ್ಲೇ ಒಂದಿಷ್ಟು ಸಡಿಲ ಬಿಟ್ಟಿರುತ್ತಾರೆ, ಹಾಗಾಗಿ ತೆರೆದ ಅಲಗು ಸ್ವಲ್ಪ ಅಲುಗಾಡುತ್ತದೆ. ಹಿಡಿಯ ಮುಂದಿನ ಬಾಯಿ ತೆರೆದೇ ಇರುವುದರಿಂದ ಜೇಬಿನ ನೂಲು, ತೋಟದ ಮಣ್ಣು ಒಳಸೇರುತ್ತವೆ. ಕಚೇರಿಯ ಮೇಜಿನ ಕೆಲಸಕ್ಕೆ ಇದು ಸೊಗಸಾದ ಯಂತ್ರ. ಮಣ್ಣು, ಅಂಟು, ತೇವ ಇರುವ ಕಡೆ ಪಕ್ಕದಿಂದ ತೆರೆಯುವ ಬಗೆಯನ್ನೇ ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಅದಕ್ಕೆ ಸಂಬಂಧಿಸಿದ್ದು.

ಅಂಗಡಿಯಲ್ಲಿ ಈ ಚಾಕುಗಳನ್ನು ತೋರಿಸುವವರು ಮೊದಲು ತೋರಿಸುವುದು ಅವು ಎಷ್ಟು ಜೋರಾಗಿ ತೆರೆದುಕೊಳ್ಳುತ್ತವೆ ಎಂಬುದನ್ನು. ಆ ಸದ್ದಿಗೆ ನಾನೂ ಮನಸೋತಿದ್ದೆ. ನಾನು ಮೊದಲು ಕೊಂಡ ಚಾಕುವಿನ ಬಟನ್ ಹಿಡಿಯ ಮಟ್ಟಕ್ಕಿಂತ ಮೇಲೆ ಉಬ್ಬಿತ್ತು, ಸುರಕ್ಷಾ ಬೀಗ ಇರಲಿಲ್ಲ. ಒಂದು ದಿನ ಕಾರಿನಲ್ಲಿ ಕುಳಿತು ಸೀಟ್‌ಬೆಲ್ಟ್ ಎಳೆದುಕೊಳ್ಳುವಾಗ ಬಕಲ್ ಬಟನ್ನಿಗೆ ಒತ್ತಿ ಅಲಗು ಜೇಬಿನೊಳಗೇ ಬಿಚ್ಚಿಕೊಂಡಿತು. ಜೇಬಿನ ಬಟ್ಟೆ ಹರಿದು ತೊಡೆಗೆ ಗಾಯವಾಯಿತು. ಗಾಯ ಆಳವಾಗಿರಲಿಲ್ಲವಾದರೂ, ಹಿಂದಿನ ಸೀಟಿನಲ್ಲಿ ಮಗಳು ಕುಳಿತಿದ್ದಳೆಂಬುದು ಇಂದಿಗೂ ನೆನಪಿನಿಂದ ಹೋಗಿಲ್ಲ. ಇಂಥ ಚಾಕುವಿನ ಆಯುಷ್ಯದ ಬಹುಪಾಲು ಮುಚ್ಚಿಕೊಂಡು ಜೇಬಿನಲ್ಲೇ ಕಳೆಯುತ್ತದೆ. ಆದ್ದರಿಂದ ಅದು ಎಷ್ಟು ನೆಚ್ಚಿಗೆಯಾಗಿ ಮುಚ್ಚಿಕೊಂಡಿರುತ್ತದೆ ಎಂಬುದನ್ನು ಮೊದಲು ಪರೀಕ್ಷಿಸಬೇಕು, ವೇಗವನ್ನು ಕೊನೆಗೆ ನೋಡಿದರೂ ನಡೆಯುತ್ತದೆ.

ಪರೀಕ್ಷಿಸುವುದಕ್ಕೆ ಒಳಗಿನ ರಚನೆ ಸ್ವಲ್ಪ ತಿಳಿದಿರಬೇಕು. ಪಕ್ಕದಿಂದ ತೆರೆಯುವ ಬಹುತೇಕ ಚಾಕುಗಳಲ್ಲಿ ಬಟನ್ ಎಂದು ನಾವು ಕರೆಯುವುದು ಹಿಡಿಯೊಳಗೆ ಅಡ್ಡವಾಗಿ ಕೂತಿರುವ ಒಂದು ಗಟ್ಟಿ ಉಕ್ಕಿನ ಗೂಟದ ತಲೆ. ಅಲಗಿನ ಬುಡದಲ್ಲಿ ಎರಡು ಕಚ್ಚುಗಳಿರುತ್ತವೆ. ಮುಚ್ಚಿದ ಸ್ಥಿತಿಯಲ್ಲಿ ಗೂಟದ ದಪ್ಪ ಭಾಗ ಒಂದು ಕಚ್ಚಿನಲ್ಲಿ ಕೂತು, ಹೊರಬರಲು ತವಕಿಸುವ ಅಲಗನ್ನು ತಡೆದಿರುತ್ತದೆ. ಒತ್ತಿದಾಗ ಗೂಟದ ಸಣಕಲು ಭಾಗ ಅಲ್ಲಿಗೆ ಬಂದು ಅಲಗಿಗೆ ದಾರಿ ಬಿಡುತ್ತದೆ. ಅಲಗು ಪೂರ್ತಿ ತೆರೆದ ಮೇಲೆ ಅದೇ ಗೂಟ ಮೇಲೆದ್ದು ಎರಡನೆಯ ಕಚ್ಚಿನಲ್ಲಿ ಕೂತು ಲಾಕ್ ಆಗುತ್ತದೆ. ಮುಚ್ಚಿದಾಗಿನ ತಡೆಯೂ ತೆರೆದಾಗಿನ ಲಾಕೂ ಒಂದೇ ಗೂಟದ ಮೇಲೆ ನಿಂತಿರುವುದರಿಂದ ಅದರ ಹೊಂದಾಣಿಕೆ ಕಳಪೆಯಾಗಿದ್ದರೆ ಎರಡೂ ಕೆಡುತ್ತವೆ.

ಮೊದಲು ಬಟನ್ನಿನ ಮೇಲೆ ಬೆರಳಾಡಿಸಿ ನೋಡಿ. ಅದು ಹಿಡಿಯ ಮೇಲ್ಮೈಗಿಂತ ಕೆಳಗೆ, ಸುತ್ತ ಒಂದು ಅಂಚಿನ ನಡುವೆ ಹುದುಗಿರಬೇಕು. ಚಪ್ಪಟೆಯಾದ ಹಲಗೆಯನ್ನು ಅದರ ಮೇಲೆ ಒತ್ತಿದರೂ ಬಟನ್ ಕೆಳಗಿಳಿಯಬಾರದು, ಬೆರಳ ತುದಿ ಮಾತ್ರ ಅದನ್ನು ಮುಟ್ಟುವಂತಿರಬೇಕು. ಸುರಕ್ಷಾ ಬೀಗವೂ ಇದ್ದರೆ ಒಳ್ಳೆಯದೇ, ಆದರೆ ಬೀಗವನ್ನು ಹಾಕಲು ಮನುಷ್ಯ ಮರೆಯುತ್ತಾನೆ. ಎರಡರಲ್ಲಿ ಒಂದೇ ಸಿಗುವುದಾದರೆ ನಾನು ಹುದುಗಿದ ಬಟನ್ನನ್ನೇ ಆರಿಸುತ್ತೇನೆ. ಬೀಗವಿದ್ದಲ್ಲಿ ಅದು ಹೆಬ್ಬೆರಳಿಗೆ ಸ್ಪಷ್ಟವಾಗಿ ಟಕ್ಕೆಂದು ಕೂರಬೇಕು, ತಾನಾಗಿ ಜಾರುವಷ್ಟು ಸಡಿಲವಾಗಿರಬಾರದು. ಬಳಿಕ ಚಾಕುವನ್ನು ಮುಚ್ಚಿ, ಅಲಗು ಬರುವ ದಾರಿಯಿಂದ ಬೆರಳುಗಳನ್ನು ದೂರವಿಟ್ಟು, ಹಿಡಿಯನ್ನು ಇನ್ನೊಂದು ಅಂಗೈಗೆ ಹತ್ತು ಬಾರಿ ಗಟ್ಟಿಯಾಗಿ ತಟ್ಟಿ. ಅಲಗು ಸ್ವಲ್ಪವೂ ಕದಲಬಾರದು.

ಆಮೇಲೆ ಇಪ್ಪತ್ತು ಬಾರಿಯಾದರೂ ತೆರೆದು ನೋಡಿ, ಅದರಲ್ಲಿ ಕೆಲವು ಸಲ ಬಟನ್ನನ್ನು ಬೇಕೆಂದೇ ನಿಧಾನವಾಗಿ ಒತ್ತಿ. ಪ್ರತಿ ಬಾರಿಯೂ ಅಲಗು ಕೊನೆಯವರೆಗೆ ಹೋಗಿ ಲಾಕ್ ಆಗಬೇಕು. ಮುಕ್ಕಾಲು ತೆರೆದು ನಿಂತ ಅಲಗು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ನೋಡುವುದಕ್ಕೆ ತೆರೆದಂತಿದ್ದರೂ ಒತ್ತಡ ಬಿದ್ದೊಡನೆ ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ತಿರುಗಣೆಯ, ಅಂದರೆ ಅಲಗು ತಿರುಗುವ ಕೀಲಿನ, ತಿರುಪು ಹೆಚ್ಚು ಬಿಗಿಯಾಗಿದ್ದರೂ ಹೀಗಾಗುವುದುಂಟು, ಸಡಿಲವಾಗಿದ್ದರೆ ಅಲಗು ಅಡ್ಡಡ್ಡ ಅಲ್ಲಾಡುತ್ತದೆ. ಲಾಕ್ ಆದ ಅಲಗಿನ ಬೆನ್ನನ್ನು ಮರದ ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ ನೋಡಿದಾಗ ಮೇಲೆ ಕೆಳಗೆ ಆಟ ಕಂಡರೆ ಅದು ತಿರುಪಿನಿಂದ ಸರಿಹೋಗುವ ದೋಷವಲ್ಲ, ಗೂಟ ಮತ್ತು ಕಚ್ಚು ಹೊಂದಿಕೊಂಡಿಲ್ಲ ಎಂದರ್ಥ. ಅಂಥ ಚಾಕುವನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಕೊಳ್ಳಬೇಡಿ.

ಪುಟ್ಟ ಚಾಕುಗಳಿಗೇ ಇರುವ ಇನ್ನೊಂದು ತೊಡಕು ಹಿಡಿಯದು. ಅಲಗು 2 ಇಂಚಿನೊಳಗಿದ್ದರೆ ಹಿಡಿಯೂ ಸಾಮಾನ್ಯವಾಗಿ 3 ಇಂಚಿನ ಆಸುಪಾಸಿನಲ್ಲಿರುತ್ತದೆ. ಅಷ್ಟು ಚಿಕ್ಕ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಬೆರಳ ತುದಿಗಳು ಅಲಗು ಬರುವ ದಾರಿಗೆ ಬಂದುಬಿಡುತ್ತವೆ. ಅಲಗಿನ ಬೆನ್ನು ಬೆರಳಿಗೆ ಬಡಿದು ಅರ್ಧಕ್ಕೇ ನಿಲ್ಲುತ್ತದೆ, ಇಲ್ಲವೇ ಸ್ಪ್ರಿಂಗಿನ ಧಕ್ಕೆಗೆ ಹಗುರವಾದ ಹಿಡಿ ಕೈಯಿಂದ ಹಾರುತ್ತದೆ. ಆದ್ದರಿಂದ ನಿಮ್ಮ ಕೈಯಲ್ಲೇ ಹಿಡಿದು ನೋಡದೆ ಕೊಳ್ಳಬೇಡಿ. ಹೆಬ್ಬೆರಳು ಬಟನ್ನಿನ ಮೇಲಿರುವಾಗ ಉಳಿದ ಬೆರಳುಗಳಲ್ಲಿ ಎರಡಕ್ಕಾದರೂ, ಅಲಗಿನ ದಾರಿ ಬಿಟ್ಟು, ಬಿಗಿಯಾದ ಹಿಡಿತ ಸಿಗಬೇಕು. ತೋಟದಲ್ಲಿ ಕೈಗವಸು ಹಾಕುವವರು ಅದನ್ನೂ ಜೊತೆಗೆ ಒಯ್ಯಲಿ. ಮುಚ್ಚುವುದನ್ನೂ ಅಲ್ಲೇ ಅಭ್ಯಾಸ ಮಾಡಿಕೊಳ್ಳಿ. ಪಕ್ಕದಿಂದ ತೆರೆಯುವ ಚಾಕುವನ್ನು ಮುಚ್ಚಲು ಒಂದು ಕೈಯ ಹೆಬ್ಬೆರಳಿನಿಂದ ಬಟನ್ ಒತ್ತಿಹಿಡಿದು ಇನ್ನೊಂದು ಕೈಯಿಂದ ಅಲಗಿನ ಬೆನ್ನನ್ನು ಸ್ಪ್ರಿಂಗಿನ ವಿರುದ್ಧ ತಳ್ಳಬೇಕು. ತೆರೆಯಲು ಒಂದು ಕೈ ಸಾಕಾದರೂ ಮುಚ್ಚಲು ಎರಡು ಕೈ ಬೇಕೆಂಬುದನ್ನು ಅನೇಕರು ಮನೆಗೆ ಹೋದ ಮೇಲೆ ಕಂಡುಕೊಳ್ಳುತ್ತಾರೆ.

ಉದ್ದದ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಅಂಕಿಯನ್ನಷ್ಟೇ ನೆಚ್ಚಬಾರದು. ಕೆಲವು ತಯಾರಕರು ಹರಿತವಾದ ಅಂಚನ್ನು ಮಾತ್ರ ಅಳೆಯುತ್ತಾರೆ. ಹಿಡಿಯ ಮುಂತುದಿಯಿಂದ ಅಲಗಿನ ಮೊನೆಯವರೆಗೆ ನೇರವಾಗಿ ಅಳೆದಾಗಲೂ 2 ಇಂಚಿನ ಒಳಗೇ ಇದ್ದರೆ ವಾದಕ್ಕೆ ಆಸ್ಪದವಿಲ್ಲ. ಒಂದೆರಡು ಮಿಲಿಮೀಟರ್ ಕಡಿಮೆಯಿರುವುದನ್ನೇ ಆರಿಸಿ.

ಉಕ್ಕಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಬೆವರು, ಹುಳಿಹಣ್ಣಿನ ರಸ ತಾಗುವ ಕೆಲಸಕ್ಕೆ 154ಸಿಎಂ, ಎಸ್35ವಿಎನ್ ಅಥವಾ 2021ರಲ್ಲಿ ಬಂದ ಮ್ಯಾಗ್ನಾಕಟ್ ಎಂಬ ಹೆಸರಿನ ಉಕ್ಕುಗಳು ಒಳ್ಳೆಯವು, ಇವುಗಳಲ್ಲಿ ತುಕ್ಕನ್ನು ತಡೆಯುವುದರಲ್ಲಿ ಮ್ಯಾಗ್ನಾಕಟ್ ಮುಂದು. ಡಿ2 ಅಗ್ಗವಾಗಿಯೂ ಬಾಳಿಕೆಯದಾಗಿಯೂ ಇದೆ, ಆದರೆ ಒರೆಸದೆ ಬಿಟ್ಟರೆ ಕಲೆಗಟ್ಟುತ್ತದೆ. ಇಷ್ಟು ಗಿಡ್ಡ ಅಲಗಿನಲ್ಲಿ ಉಕ್ಕಿನ ಹೆಸರಿಗಿಂತ ಅಲಗಿನ ಆಕಾರವೇ ಕೆಲಸಕ್ಕೆ ಹೆಚ್ಚು ಮುಖ್ಯ. ಅಂಚು ತೆಳುವಾಗಿರಬೇಕು, ಮೊನೆ ತೀರ ಸೂಜಿಯಂತಿರಬಾರದು. ಹಿಡಿಗೆ ಅಲ್ಯೂಮಿನಿಯಂ ಸಾಕು, ಆದರೆ ನುಣುಪಾಗಿದ್ದರೆ ಒದ್ದೆ ಕೈಯಲ್ಲಿ ಜಾರುತ್ತದೆ.

ಕೊಳ್ಳುವುದು ಊರಿನಲ್ಲೇ ಇರುವ ಅಂಗಡಿಯಿಂದಾದರೆ ಒಳಿತು. ಕೈಯಲ್ಲಿ ಹಿಡಿದು ನೋಡಬಹುದೆಂಬುದು ಒಂದು ಕಾರಣ, ಕಾನೂನು ಇನ್ನೊಂದು. 1958ರ ಕೇಂದ್ರ ಸ್ವಿಚ್‌ಬ್ಲೇಡ್ ಕಾಯ್ದೆ ಇಂಥ ಚಾಕುಗಳ ಅಂತರರಾಜ್ಯ ವ್ಯಾಪಾರವನ್ನು ನಿರ್ಬಂಧಿಸುತ್ತದೆ, ಅದರ ವ್ಯಾಖ್ಯೆಯಲ್ಲಿ 2 ಇಂಚಿನ ವಿನಾಯಿತಿ ಇಲ್ಲ. ಅಮೆರಿಕದ ಅಂಚೆಯ ಮೂಲಕ ಸಾಮಾನ್ಯರು ಇವನ್ನು ಕಳಿಸುವಂತೆಯೂ ಇಲ್ಲ, ಆದ್ದರಿಂದ ದುರಸ್ತಿಗೋ ಮರಳಿಸುವುದಕ್ಕೋ ಕಳಿಸಬೇಕಾದರೆ ಯಾವ ದಾರಿಯೆಂದು ತಯಾರಕರನ್ನು ಮೊದಲೇ ಕೇಳಿಕೊಳ್ಳಿ. ಹೆಸರಾಂತ ಸಂಸ್ಥೆಗಳ ನಕಲಿ ಚಾಕುಗಳು ಅಂತರ್ಜಾಲದಲ್ಲಿ ಧಾರಾಳವಾಗಿವೆ. ಅವುಗಳಲ್ಲಿ ಮೊದಲು ಕೈಕೊಡುವುದು ಮೇಲೆ ಹೇಳಿದ ಆ ಗೂಟವೇ.

ಜೇಬಿನಲ್ಲಿಡುವಾಗ ಮಡಚಿದ ಅಲಗಿನ ಬೆನ್ನು ಜೇಬಿನ ಹಿಂಬದಿಯ ಹೊಲಿಗೆಗೆ ಒತ್ತಿಕೊಂಡಿರುವಂತೆ ಕ್ಲಿಪ್ ಸಿಕ್ಕಿಸಿ. ಆಗ ಅಕಸ್ಮಾತ್ ಬಟನ್ ಒತ್ತಿದರೂ ಅಲಗಿಗೆ ತಿರುಗಲು ಜಾಗವಿರುವುದಿಲ್ಲ. ಅದೇ ಜೇಬಿನಲ್ಲಿ ಬೀಗದ ಕೈ, ನಾಣ್ಯ ಹಾಕಬೇಡಿ. ತೆರೆದು ಲಾಕ್ ಆದ ಚಾಕುವನ್ನು ಮೈಮೇಲೆ ಮರೆಯಾಗಿ ಇಟ್ಟುಕೊಂಡರೆ ಕ್ಯಾಲಿಫೋರ್ನಿಯಾದ ಕಾನೂನು ಅದನ್ನು ಕಠಾರಿಯೆಂದೇ ಪರಿಗಣಿಸುತ್ತದೆ, ಅಲಗು ಎಷ್ಟು ಚಿಕ್ಕದಿದ್ದರೂ ಸರಿ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮವರು ಗಮನಿಸಬೇಕಾದದ್ದು ಶಾಲೆಯ ಆವರಣದ ನಿಯಮ. ಹನ್ನೆರಡನೆಯ ತರಗತಿಯವರೆಗಿನ ಶಾಲೆಗಳ ಆವರಣಕ್ಕೆ, ಅಲಗು ಲಾಕ್ ಆಗುವ ಮಡಚು ಚಾಕುವನ್ನು ಒಯ್ಯುವುದು ಈ ರಾಜ್ಯದಲ್ಲಿ ಅಪರಾಧ, ಮತ್ತು ನಾವು ಮಾತಾಡುತ್ತಿರುವ ಚಾಕುಗಳೆಲ್ಲ ಲಾಕ್ ಆಗುವಂಥವೇ. ಮಗುವನ್ನು ಬೆಳಗ್ಗೆ ಶಾಲೆಗೆ ಬಿಡುವಾಗಲೂ, ವಾರಾಂತ್ಯದ ಕನ್ನಡ ತರಗತಿ ಶಾಲಾ ಕಟ್ಟಡದಲ್ಲಿ ನಡೆಯುವ ಕಡೆಗೆ ಕರೆದೊಯ್ಯುವಾಗಲೂ ಚಾಕು ಮನೆಯಲ್ಲೇ ಇರಲಿ. ನ್ಯಾಯಾಲಯಕ್ಕೂ ಕೇಂದ್ರ ಸರ್ಕಾರದ ಕಚೇರಿಗಳಿಗೂ ಅದನ್ನು ಒಯ್ಯಬೇಡಿ. ವಿಮಾನದ ಕೈಚೀಲದಲ್ಲಂತೂ ಚಾಕುವಿಗೆ ಅವಕಾಶವೇ ಇಲ್ಲ.

ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿಟ್ಟುಕೊಂಡು ಹೋಗಬಹುದೇ ಎಂದು ಹಲವರು ಕೇಳುತ್ತಾರೆ. ಭಾರತದ ಶಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಮಾತು ಬರುತ್ತದೆ, ಅದರ ಮುಂದೆ ಈ ಚಾಕು ಏನೂ ಅಲ್ಲ. ಆದರೆ ದೆಹಲಿ ಆಡಳಿತ 1980ರಲ್ಲೇ ಬಟನ್ ಚಾಕುಗಳ ಬಗ್ಗೆ ಪ್ರತ್ಯೇಕ ಅಧಿಸೂಚನೆ ಹೊರಡಿಸಿ 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲದ ಅಳತೆ ಗೊತ್ತುಮಾಡಿದೆ. ನಮ್ಮ ಪುಟ್ಟ ಚಾಕು ಉದ್ದದಲ್ಲಿ ಅದರೊಳಗೇ ಬಂದರೂ, ತಪಾಸಣೆಯ ಮೇಜಿನ ಮೇಲೆ ಸ್ಪ್ರಿಂಗಿನಿಂದ ಚಿಮ್ಮುವ ಅಲಗನ್ನು ನೋಡಿದ ಅಧಿಕಾರಿಗೆ ಮಿಲಿಮೀಟರಿನ ಲೆಕ್ಕ ಒಪ್ಪಿಸುತ್ತಾ ನಿಲ್ಲುವ ಅಗತ್ಯವೇನಿದೆ? ನಾನು ಒಯ್ಯುವುದಿಲ್ಲ. ಬ್ರಿಟನ್ನಿನಲ್ಲಿ ಇಂಥ ಚಾಕು ಮನೆಯೊಳಗೆ ಇದ್ದರೂ ಅಪರಾಧ, ಜರ್ಮನಿಯೂ 2024ರ ಅಕ್ಟೋಬರ್ ಕೊನೆಯಿಂದ ಕೆಲವೇ ವಿನಾಯಿತಿಗಳೊಂದಿಗೆ ಇವನ್ನು ನಿಷೇಧಿಸಿದೆ. ಆದ್ದರಿಂದ ಯೂರೋಪಿನ ಮೂಲಕ ಹೋಗುವವರು ಇನ್ನೂ ಎಚ್ಚರವಾಗಿರಬೇಕು.

ಆರೈಕೆ ಸುಲಭ. ತಿಂಗಳಿಗೊಮ್ಮೆ ಅಲಗನ್ನು ತೆರೆದು ತಿರುಗಣೆಯ ಸಂದಿನಲ್ಲೂ ಬಟನ್ನಿನ ಸುತ್ತಲೂ ಸೇರಿದ ನೂಲು, ಧೂಳನ್ನು ಸಣ್ಣ ಬ್ರಶ್ಶಿನಿಂದ ತೆಗೆದು ತಿರುಗಣೆಗೆ ಒಂದೇ ಹನಿ ತೆಳು ಎಣ್ಣೆ ಬಿಡಿ. ಹೆಚ್ಚು ಬಿಟ್ಟರೆ ಅದೇ ಧೂಳನ್ನು ಹಿಡಿದಿಟ್ಟು ಅಲಗಿನ ವೇಗ ತಗ್ಗಿಸುತ್ತದೆ. ಅಡುಗೆಯ ಎಣ್ಣೆ ಕೆಲದಿನಗಳಲ್ಲೇ ಅಂಟಾಗುವುದರಿಂದ ಅದು ಬೇಡ. ಅಲಗು ನಿಧಾನವಾದರೆ ಸ್ಪ್ರಿಂಗ್ ಸೋತಿತೆಂದು ತಿಳಿಯುವ ಮೊದಲು ಹೀಗೆ ಶುಚಿಮಾಡಿ ನೋಡಿ, ಹೆಚ್ಚಿನ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಶುಚಿಮಾಡಿದ ಮೇಲೂ ಅಲಗು ಲಾಕ್ ಆಗುವ ಮೊದಲೇ ನಿಲ್ಲುತ್ತಿದ್ದರೆ ಹಿಡಿಯನ್ನು ಬಿಚ್ಚಲು ಹೋಗಬೇಡಿ. ಒಳಗೆ ಸುತ್ತಿಕೊಂಡಿರುವ ಸ್ಪ್ರಿಂಗ್ ಕಣ್ಣಿಗೆ ಹಾರಬಹುದು, ಮತ್ತೆ ಸರಿಯಾದ ಬಿಗಿಯಲ್ಲಿ ಕೂರಿಸುವುದು ಪಳಗಿದ ಕೈಗೆ ಮಾತ್ರ ಸಾಧ್ಯ. ಅದನ್ನು ಜೇಬಿನಿಂದ ತೆಗೆದು ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ದುರಸ್ತಿಯಾಗುವವರೆಗೆ ಮಾಮೂಲಿ ಮಡಚು ಚಾಕುವನ್ನೇ ಬಳಸಿ.