ವಾರಕ್ಕೆ ಎಷ್ಟು ಸುಳ್ಳು?

"ಇವರು ನನ್ನ ಕಸಿನ್" ಅಂದರೆ ಇಂಗ್ಲಿಷಿನಲ್ಲಿ ಮಾತು ಮುಗಿಯುತ್ತದೆ. ಕನ್ನಡದಲ್ಲಿ ಅಲ್ಲಿಂದಲೇ ಶುರು. ಯಾರ ಕಡೆಯಿಂದ? ದೊಡ್ಡಪ್ಪನ ಮಗನಾ, ಸೋದರಮಾವನ ಮಗನಾ? ಬೆಂಗಳೂರಿನ ನಮ್ಮ ಓನರ್ ಆಂಟಿ ಹೀಗೆ ಕೇಳಿದಾಗ ನಾನು "ಸೋದರತ್ತೆ ಮಗ" ಅಂದುಬಿಟ್ಟೆ. ನಾನು ಅರಸೀಕೆರೆಯವನು, ಅವನು ಧಾರವಾಡದವನು. ಅವನು ಬಾಯಿ ಬಿಟ್ಟರೆ ಸಾಕು, ಎರಡನೇ ಮಾತಿಗೆ ಊರು ಗೊತ್ತಾಗಿಬಿಡುತ್ತದೆ. "ನಿಮ್ಮತ್ತೇನ ಅಷ್ಟು ದೂರ ಕೊಟ್ಟಿದ್ರಾ?" ಅಂದರು ಆಂಟಿ. ಅವತ್ತು ನಾನು ಇಲ್ಲದ ಅತ್ತೆಗೆ ಮದುವೆ ಮಾಡಿಸಿ, ಮಾವನಿಗೆ ರೈಲ್ವೆಯಲ್ಲಿ ಕೆಲಸ ಕೊಡಿಸಿ, ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಕೂಡ ಮಾಡಿಸಿದೆ.

ನಾನು ಗೇ. ನಾವಿಬ್ಬರು ಒಟ್ಟಿಗೆ ಇರಲು ಶುರು ಮಾಡಿ ಹತ್ತು ವರ್ಷದ ಮೇಲಾಯಿತು. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್. ಅವನದು ಲೆಕ್ಕಪತ್ರದ ಕೆಲಸ, ಸಣ್ಣಪುಟ್ಟ ಅಂಗಡಿಗಳವರ ಜಿಎಸ್‌ಟಿ ಫೈಲ್ ಮಾಡುತ್ತಾನೆ. ಬೆಂಗಳೂರಿನಲ್ಲಿ ಮೂರು ಬಾಡಿಗೆ ಮನೆ ಬದಲಾಯಿಸಿದೆವು. ಒಂದು ಮನೆಯವರು "ಮಗಳು ಬರ್ತಿದಾಳೆ, ಮನೆ ಬೇಕು" ಅಂತ ಖಾಲಿ ಮಾಡಿಸಿದರು. ಮುಂದಿನ ವಾರ ಅದೇ ಗೇಟಿಗೆ ಟು-ಲೆಟ್ ಬೋರ್ಡ್ ನೇತಾಡುತ್ತಿತ್ತು. ಜಗಳ ಆಡಲಿಲ್ಲ. ಅಡ್ವಾನ್ಸ್ ವಾಪಸ್ ಬಂತಲ್ಲ, ಅಷ್ಟು ಸಾಕಿತ್ತು.

2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟಾಗ ಧಾರವಾಡ ಪೇಡ ತರಿಸಿ ತಿಂದೆವು. ನಾವು ಅಪರಾಧಿಗಳಲ್ಲ ಅಂತಾಯಿತು. ಮರುದಿನ ಬೆಳಿಗ್ಗೆ ನೀರಿನ ಮೋಟಾರ್ ಹಾಕಲು ಕೆಳಗೆ ಹೋದರೆ ಓನರ್ ಅಂಕಲ್ "ಮದುವೆ ಯಾವಾಗಪ್ಪ?" ಅಂತ ಕೇಳಿದರು. ಕೋರ್ಟಿಗೂ ಮೋಟಾರ್ ಸ್ವಿಚ್ಚಿಗೂ ನಡುವೆ ಬಹಳ ದೂರ ಇದೆ.

ಊರು ಬದಲಾಯಿಸೋಣ ಅನ್ನಿಸಿದ್ದು ಮಾತ್ರ 2022ರಲ್ಲಿ. ಅವನಿಗೆ ಅಪೆಂಡಿಕ್ಸ್ ಆಯಿತು. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಫಾರಂನಲ್ಲಿ "ಸಂಬಂಧ" ಅಂತ ಒಂದು ಜಾಗ. "ಸ್ನೇಹಿತ" ಅಂತ ಬರೆದೆ. ಕೌಂಟರಿನಲ್ಲಿದ್ದವರು ಪೆನ್ನು ಕೆಳಗಿಟ್ಟು, "ಮನೆಯವರನ್ನ ಕರೆಸಿ" ಅಂದರು. ಮನೆಯವನು ನಾನೇ, ಎದುರಿಗೇ ನಿಂತಿದ್ದೆ. ಅವನ ಅಣ್ಣ ಧಾರವಾಡದಿಂದ ರಾತ್ರಿ ಬಸ್ಸು ಹತ್ತಿ ಬರುವ ತನಕ ಕಾಯಿಸಿದರು. ಆಮೇಲೆ ವಕೀಲ ಗೆಳೆಯನೊಬ್ಬ ಬೈದ: ರೋಗಿ ವಯಸ್ಕ, ಎಚ್ಚರವಾಗಿದ್ದಾನೆ, ಅವನ ಸಹಿಯೇ ಸಾಕಿತ್ತು ಕಣೋ. ಆ ರಾತ್ರಿ ಅದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ವಾದ ಮಾಡುವ ಧೈರ್ಯ ಇತ್ತೋ ಇಲ್ಲವೋ.

ಆದರೂ ನಮ್ಮಂಥವರ ಮದುವೆಗೆ ಮಾನ್ಯತೆ ಕೇಳಿದ ಕೇಸು ಸುಪ್ರೀಂ ಕೋರ್ಟಿನಲ್ಲಿದೆ, ನೋಡೋಣ ಅಂತ ಕಾದೆವು. 2023ರ ಅಕ್ಟೋಬರ್ 17ಕ್ಕೆ ಅದೂ ಆಗಲ್ಲ ಅಂತಾಯಿತು. ಅವತ್ತು ರಾತ್ರಿ ಅವನು ಒಂದು ಹಳೇ ಲೆಕ್ಕದ ಪುಸ್ತಕ ತೆಗೆದು ಗೆರೆ ಎಳೆದ. "ಇವತ್ತ ಎಷ್ಟ ಸುಳ್ಳ ಹೇಳಿದಿ?" ಅಂತ ಕೇಳಿದ. ನನಗೆ ನಗು ಬಂತು. ಅವನು ನಗಲಿಲ್ಲ. ಒಂದು ವಾರ ಬರೆದೆವು. ಆಫೀಸಿನಲ್ಲಿ "ರೂಮ್‌ಮೇಟ್" ಅಂದದ್ದು, ಕಟಿಂಗ್ ಶಾಪಿನಲ್ಲಿ "ಹುಡುಗಿ ನೋಡ್ತಿದಾರೆ" ಅಂದದ್ದು, ಓನರ್ ಮನೆಗೆ ಬರುತ್ತಾರೆ ಅಂತ ಇನ್ನೊಂದು ರೂಮಿನ ಮಂಚದ ಮೇಲೆ ದಿಂಬು ಹಾಕಿದ್ದು (ಇದನ್ನು ಸುಳ್ಳಿಗೆ ಸೇರಿಸಬೇಕಾ ಅಂತ ಚರ್ಚೆ ಆಯಿತು, ಸೇರಿಸಿದೆವು). ಇಬ್ಬರದೂ ಸೇರಿ ವಾರಕ್ಕೆ 19.

ಅಲ್ಲಿಗೆ ನಮ್ಮ ಅಳತೆಗೋಲು ಸಿಕ್ಕಿತು. "ಒಳ್ಳೇ ಊರು ಯಾವುದು" ಅಂತ ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರುತ್ತಿತ್ತು. ಯಾವ ಊರಿನಲ್ಲಿ ಸುಳ್ಳು ಕಡಿಮೆ ಅಂತ ಕೇಳಿಕೊಂಡ ಮೇಲೆ ಹುಡುಕುವುದು ಸುಲಭವಾಯಿತು.

ಧಾರವಾಡವನ್ನು ಅವನೇ ಮೊದಲು ಹೊಡೆದುಹಾಕಿದ. ಓಣಿಗೊಬ್ಬ ಕಾಕಾ ಇದ್ದಾನೆ ಅಂದ. ಅರಸೀಕೆರೆಯ ಹೆಸರು ನಾನೂ ಎತ್ತಲಿಲ್ಲ. ಮಂಗಳೂರು ನನಗೆ ಇಷ್ಟ, ಸಮುದ್ರ ಇದೆ, ಮೀನು ಇದೆ. ಅಲ್ಲಿ ಆರಾಮಾಗಿರುವ ಗೆಳೆಯರೂ ಇದ್ದಾರೆ. ಆದರೆ 2009ರಲ್ಲಿ ಅಲ್ಲಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದದ್ದನ್ನು ಟೀವಿಯಲ್ಲಿ ನೋಡಿದ್ದು ತಲೆಯಿಂದ ಹೋಗಿಲ್ಲ. ಯಾರು ಯಾರ ಜೊತೆ ಕೂತಿದ್ದಾರೆ ಅಂತ ನೋಡುವ ಕಣ್ಣು ಇರುವ ಕಡೆ ನನಗೆ ನಿದ್ದೆ ಬರುವುದಿಲ್ಲ. ಇದು ನನ್ನ ಪುಕ್ಕಲುತನ ಇರಬಹುದು. ಗೋವಾ, ಪುದುಚೇರಿ ಅಂತಲೂ ಹೇಳಿದರು. ಎರಡೂ ಕಡೆ ಹೋಗಿ ಬಂದೆವು. ಎರಡೂ ಚೆಂದ. ಆದರೆ ಬೆಳಿಗ್ಗೆ ಎದ್ದು ಸೊಪ್ಪಿನವಳ ಹತ್ತಿರ ಕನ್ನಡದಲ್ಲಿ ಚೌಕಾಸಿ ಮಾಡದಿದ್ದರೆ ನನಗೆ ಅದು ಊರು ಅನ್ನಿಸಲ್ಲ, ರಜೆ ಅನ್ನಿಸುತ್ತದೆ.

ಉಳಿದದ್ದು ಮೈಸೂರು. ವಾರಕ್ಕೆ ಒಂದು ದಿನ ನನಗೆ ಬೆಂಗಳೂರಿನ ಆಫೀಸು ಇರುತ್ತದೆ, ರೈಲಿನಲ್ಲಿ ಹೋಗಿಬರಬಹುದು.

ನೋಡಲು ಶನಿವಾರ ಭಾನುವಾರ ಹೋಗಬೇಡಿ. ಆ ಎರಡು ದಿನ ಯಾವ ಊರೂ ನಗುತ್ತಲೇ ಇರುತ್ತದೆ, ನೀವೂ ಪ್ರವಾಸಿಗಳಾಗಿರುತ್ತೀರಿ. ನಾವು ಸೋಮವಾರದಿಂದ ಶನಿವಾರದ ತನಕ ಗೋಕುಲಂನಲ್ಲಿ ಒಂದು ಸರ್ವಿಸ್ ಅಪಾರ್ಟ್‌ಮೆಂಟ್ ಹಿಡಿದು, ಅಲ್ಲಿಂದಲೇ ಕೆಲಸ ಮಾಡಿದೆವು. ಗೋಕುಲಂ ಆರಿಸಿದ್ದಕ್ಕೆ ಕಾರಣ ಇದೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ವರ್ಷಗಳಿಂದ ವಿದೇಶದವರು ಅಲ್ಲಿಗೆ ಬಂದು ತಿಂಗಳುಗಟ್ಟಲೆ ಉಳಿಯುತ್ತಾರೆ. ಮದುವೆಯಾಗದ ಜೋಡಿ, ಇಬ್ಬರು ಗಂಡಸರು, ಒಂಟಿ ಹೆಂಗಸು, ಎಲ್ಲರಿಗೂ ಮನೆ ಕೊಟ್ಟು ಕೊಟ್ಟು ಅಲ್ಲಿನ ಓನರ್‌ಗಳಿಗೆ ಆಶ್ಚರ್ಯವೇ ಬತ್ತಿಹೋಗಿದೆ. ಬೆಳಿಗ್ಗೆ ಎಳನೀರಿನ ಗಾಡಿಯ ಹತ್ತಿರ ನಿಂತರೆ ನಮ್ಮನ್ನು ಯಾರೂ ತಿರುಗಿ ನೋಡಲಿಲ್ಲ. ಆದರೆ ಬಾಡಿಗೆ ಕೇಳಿ ನಾವೇ ತಿರುಗಿ ಬಂದೆವು. ಅದು ವಿದೇಶಿಯರ ಲೆಕ್ಕದ ಬಾಡಿಗೆ.

ಆ ವಾರ ನಾವು ಬೇಕೆಂದೇ ಒಂದಷ್ಟು ಕಡೆ ಹೋದೆವು. ಕಟಿಂಗ್ ಶಾಪು, ಏಕೆಂದರೆ ಮದುವೆ ಪ್ರಶ್ನೆ ಮೊದಲು ಹುಟ್ಟುವುದು ಅಲ್ಲೇ. ಒಂದು ಸಣ್ಣ ಕ್ಲಿನಿಕ್ಕು, ಬಿಪಿ ತೋರಿಸುವ ನೆಪದಲ್ಲಿ. ಡಾಕ್ಟರಿಗೆ ನಾನು ಗೇ, ಪಾರ್ಟ್ನರ್ ಇದ್ದಾನೆ ಅಂತ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಉಪ್ಪಿನಕಾಯಿ ಜಾಸ್ತಿ ತಿಂತೀರಾ?" ಅಂದರು. ಇಂಥ ಡಾಕ್ಟರ್ ಸಿಕ್ಕರೆ ಆ ಊರನ್ನು ಅರ್ಧ ಒಪ್ಪಿಕೊಳ್ಳಬಹುದು. ಸಂಜೆ ಕುಕ್ಕರಹಳ್ಳಿ ಕೆರೆ. ಅಲ್ಲಿ ಎಲ್ಲರೂ ಇಬ್ಬಿಬ್ಬರಾಗಿಯೇ ನಡೆಯುತ್ತಾರೆ, ರಿಟೈರ್ ಆದ ಮೇಷ್ಟ್ರುಗಳು, ಮಾನಸಗಂಗೋತ್ರಿ ಕ್ಯಾಂಪಸ್ಸಿನ ಹುಡುಗ ಹುಡುಗಿಯರು, ಅತ್ತೆ ಸೊಸೆ. ಒಂದು ದಿನ ರಂಗಾಯಣಕ್ಕೆ ನಾಟಕ ನೋಡಲು ಹೋದೆವು. ನಾಟಕದವರು ಇರುವ ಊರಿನಲ್ಲಿ ನಮ್ಮಂಥವರಿಗೆ ಸ್ವಲ್ಪ ಉಸಿರಾಡಲು ಜಾಗ ಇರುತ್ತದೆ ಅನ್ನುವುದು ನನ್ನ ಹಳೇ ನಂಬಿಕೆ. ಶನಿವಾರ ಪುಸ್ತಕ ತೆಗೆದು ಕೂಡಿಸಿದೆವು: 6. ಅದರಲ್ಲಿ ನಾಲ್ಕು ಫೋನಿನಲ್ಲಿ ಬೆಂಗಳೂರಿನವರಿಗೆ ಹೇಳಿದವು.

ಮನೆ ಹುಡುಕುವಾಗ ಮಾತ್ರ ಮೈಸೂರು ಬೆಂಗಳೂರಿಗಿಂತ ಬೇರೆ ಅನ್ನಿಸಲಿಲ್ಲ. ಕುವೆಂಪುನಗರದಲ್ಲಿ ಒಬ್ಬರು ಕಾಫಿ ಕೊಟ್ಟು, ಬಿಸ್ಕತ್ತು ಕೊಟ್ಟು, ಬ್ರೋಕರನ್ನು ಮಾತ್ರ ಪಕ್ಕಕ್ಕೆ ಕರೆದು "ಫ್ಯಾಮಿಲಿ ಇದ್ರೆ ಹೇಳಿ" ಅಂದರು. ಇನ್ನೊಬ್ಬರು ಮೊದಲು "ನೀವು ಯಾವ ಜನ?" ಅಂತ ಕೇಳಿದರು. ಆ ಪ್ರಶ್ನೆ ಬಂದ ಮೇಲೆ ನಾನು ಉಳಿದ ಪ್ರಶ್ನೆಗಳಿಗೆ ಕಾಯುವುದಿಲ್ಲ, ಎದ್ದು ಬರುತ್ತೇನೆ. ಮೂರನೆಯದು ಸರಸ್ವತಿಪುರಂನಲ್ಲಿ, ಮೇಲ್ಗಡೆ ಮನೆ. ಓನರ್ ರಿಟೈರ್ಡ್ ಟೀಚರ್, ಒಬ್ಬರೇ ಇರುತ್ತಾರೆ. ಈ ಸಲ ಅತ್ತೆ ಮಾವ ಯಾರನ್ನೂ ಹುಟ್ಟಿಸಲಿಲ್ಲ.

"ಮೇಡಂ, ನಾವು ರೂಮ್‌ಮೇಟ್ಸ್ ಅಲ್ಲ. ಗಂಡ ಹೆಂಡತಿ ಇರ್ತಾರಲ್ಲ, ಹಾಗೆ ಜೊತೆಗಿರೋರು" ಅಂದೆ. ಬ್ರೋಕರ್ ಫೋನ್ ನೋಡತೊಡಗಿದ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಮ್ಮ ತಾಯಿಗೆ ಗೊತ್ತೇನಪ್ಪ?"

"ಗೊತ್ತು."

"ಇವರ ತಾಯಿಗೆ?"

ಅವನು ಇಲ್ಲ ಅಂತ ತಲೆ ಆಡಿಸಿದ. "ಹೇಳಿಬಿಡಿ, ವಯಸ್ಸಾಗಿರುತ್ತೆ" ಅಂದರು. ಆಮೇಲೆ ಕಾವೇರಿ ನೀರು ಎಷ್ಟು ಗಂಟೆಗೆ ಬರುತ್ತದೆ, ಐದನೇ ತಾರೀಕಿನೊಳಗೆ ಬಾಡಿಗೆ, ಟೆರೇಸಿನಲ್ಲಿ ತುಳಸಿ ಕಟ್ಟೆ ಇದೆ, ಅಲ್ಲಿ ಸಿಗರೇಟ್ ಸೇದಬೇಡಿ. ಅಷ್ಟೇ.

ಎಲ್ಲರೂ ಹೀಗೆ ಹೇಳಲು ಆಗುವುದಿಲ್ಲ, ಗೊತ್ತು. ಕೈಯಲ್ಲಿ ಸಂಬಳ ಇತ್ತು, ಬೇಡ ಅಂದರೆ ಇನ್ನೊಂದು ಮನೆ ನೋಡುವ ಶಕ್ತಿ ಇತ್ತು, ಅದಕ್ಕೇ ನನಗೆ ಬಾಯಿ ಬಂತು. ಬೆಂಗಳೂರಿನ ನನ್ನ ಟ್ರಾನ್ಸ್ ಗೆಳತಿಗೆ ಮೈಸೂರಿನಲ್ಲಿ ನಾವು ಎರಡು ತಿಂಗಳು ಮನೆ ಹುಡುಕಿದೆವು. ಫೋನಿನಲ್ಲಿ ಸರಿ ಅಂದವರು ಬಾಗಿಲಲ್ಲಿ ಇಲ್ಲ ಅಂದರು. ಅವಳು ಬೆಂಗಳೂರಿನಲ್ಲೇ ಇದ್ದಾಳೆ. ನಮಗೆ ಸ್ವಾಗತ ಕೋರಿದ ಊರು ಅವಳಿಗೆ ಗೇಟು ಹಾಕಿತು.

2024ರ ಜೂನ್‌ನಲ್ಲಿ ಸಾಮಾನು ಸಾಗಿಸಿದೆವು. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಹಾಕಿಸಿದೆವು. ಇದನ್ನು ಮರೆಯಬೇಡಿ. ಒಬ್ಬರ ಹೆಸರಷ್ಟೇ ಇದ್ದರೆ ಇನ್ನೊಬ್ಬರು ಯಾವತ್ತೂ ನೆಂಟರ ಹಾಗೆಯೇ. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ನಮ್ಮಂಥವರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಪಾರ್ಟ್ನರನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಅಂತ ಸ್ಪಷ್ಟ ಮಾಡಿತು. ಪ್ರಿಂಟ್ ತೆಗೆದುಕೊಂಡೇ ಹೋದೆವು, ಕೌಂಟರಿನಲ್ಲಿದ್ದ ಹುಡುಗಿ ಓದಿಕೊಂಡು ಫಾರಂ ಕೊಟ್ಟಳು. ಇಬ್ಬರೂ ಉಯಿಲು ಬರೆದಿಟ್ಟಿದ್ದೇವೆ, ಇಬ್ಬಿಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಅಪೆಂಡಿಕ್ಸ್ ರಾತ್ರಿಯ ನೆನಪಿಗೆ ಇನ್ನೊಂದು ಕಾಗದವೂ ಇದೆ: ಪ್ರಜ್ಞೆ ತಪ್ಪಿ ಕೊನೆಯ ಹಂತ ತಲುಪಿದರೆ ಚಿಕಿತ್ಸೆಯ ವಿಷಯದಲ್ಲಿ ಯಾರ ಮಾತು ಕೇಳಬೇಕು ಅಂತ ಮುಂಚೆಯೇ ಬರೆದಿಡುವ ಲಿವಿಂಗ್ ವಿಲ್. ಮೊದಲು ಇದಕ್ಕೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕಿತ್ತು, 2023ರಿಂದ ನೋಟರಿ ಸಾಕು. ಅದರ ಜೆರಾಕ್ಸ್ ಉಪ್ಪಿನಕಾಯಿ ಡಾಕ್ಟರ ಹತ್ತಿರ ಇದೆ.

ಕಳೆದುಕೊಂಡದ್ದೂ ಇದೆ. ಬೆಂಗಳೂರಿನಲ್ಲಿ 1994ರಿಂದ ನಡೆಯುವ, ನಮ್ಮಂಥವರು ಸೇರುವ ಗುಡ್ ಆಸ್ ಯು ಗುಂಪಿನ ಗುರುವಾರದ ಸಂಜೆಗಳು ನನ್ನನ್ನು ಬದುಕಿಸಿವೆ. ಅಲ್ಲಿ ಮೊದಲ ಸಲ ಕೂತಾಗ ಮೂಗಿನವರೆಗೂ ಟೋಪಿ ಎಳೆದುಕೊಂಡಿದ್ದೆ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರ ಆಶೋದಯ ಸಮಿತಿ ಬಹಳ ಒಳ್ಳೇ ಕೆಲಸ ಮಾಡುತ್ತದೆ, ಆದರೆ ಸಂಜೆ ಸುಮ್ನೆ ಕೂತು ಹರಟೆ ಹೊಡೆಯುವಂಥ ಗುಂಪು ನಮಗೆ ಸಿಗಲಿಲ್ಲ. ಈಗ ತಿಂಗಳಿಗೊಂದು ಭಾನುವಾರ ನಮ್ಮ ಮನೆಯಲ್ಲೇ ನಾಲ್ಕೈದು ಜನ ಸೇರುತ್ತಾರೆ. ಅವನು ಜೋಳದ ರೊಟ್ಟಿ ಬಡಿಯುತ್ತಾನೆ, ಸದ್ದಿಗೆ ಮೇಡಂ ಕೆಳಗಿನಿಂದ "ಎಷ್ಟು ಜನಾನಪ್ಪ ಇವತ್ತು?" ಅಂತ ಕೂಗುತ್ತಾರೆ. ನವೆಂಬರಿನಲ್ಲಿ ಬೆಂಗಳೂರಿನ "ನಮ್ಮ ಪ್ರೈಡ್" ಮೆರವಣಿಗೆಗೆ ಎಲ್ಲರೂ ಒಂದೇ ರೈಲಿನಲ್ಲಿ ಹೋಗುತ್ತೇವೆ.

ಪುಸ್ತಕವನ್ನು ಈಗ ದಿನಾ ಬರೆಯುವುದಿಲ್ಲ, ದಸರಾ ಹೊತ್ತಿಗೆ ಒಂದು ವಾರ ಬರೆಯುತ್ತೇವೆ. ಮೇಡಂ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಲು ಕರೆದ ದಿನ ಶುರು ಮಾಡುತ್ತೇವೆ, ಹಾಗಾದರೆ ಮರೆಯುವುದಿಲ್ಲ. ಹೋದ ಸಲ ಬಂದದ್ದು 3. ಒಂದು, ಗೊಂಬೆ ನೋಡಲು ಬಂದಿದ್ದ ಮೇಡಂ ತಂಗಿಗೆ ನಾನು ಹೇಳಿದ್ದು. ಪಾಪ, ಮೇಡಂ ಮುಖ ನೋಡಿ ಅವರಿಗೋಸ್ಕರ ಹೇಳಿದೆ. ಇನ್ನೆರಡು ಅವನ ಅವ್ವನಿಗೆ ಫೋನಿನಲ್ಲಿ ಅವನು ಹೇಳಿದ್ದು. ಮುಂದಿನ ತಿಂಗಳು ಅವ್ವ ಮೈಸೂರು ನೋಡಲು ಬರುತ್ತಾರಂತೆ. ಎರಡನೇ ರೂಮಿನ ಮಂಚವನ್ನು ನಾವು ಬೆಂಗಳೂರಿನಲ್ಲೇ ಮಾರಿ ಬಂದಿದ್ದೆವು.